ಟಿವಿ ಸಿಕ್ಕಿಸಿದರೆ ಏಳದ ಕಂಪ್ಯೂಟರ್: ಕ್ಯಾಸೆಟ್ ಕೆಲಸದ ಡೈರಿಯಿಂದ

ಜೂನ್ 7

ಪತ್ತನಾಜೆ ಕಳೆದು, ಯಕ್ಷಗಾನ ಮೇಳಗಳು ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚಿ ಎರಡು ವಾರ ಆಯಿತು. ಅಡಿಕೆಗೆ ಒಂದು ಸುತ್ತು ಮದ್ದು ಬಿಟ್ಟೂ ಆಯಿತು. ಇನ್ನು ಮಳೆಗಾಲದ ಸಂಜೆಗಳು ನನ್ನವು. ಅಪ್ಪನ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಮತ್ತೆ ಶುರು ಮಾಡಿದೆ. ಒಟ್ಟು 112 ಕ್ಯಾಸೆಟ್, ಹೋದ ವರ್ಷ 37 ಮುಗಿದಿತ್ತು. ಪೆರ್ಲ, ನೀರ್ಚಾಲು, ಬದಿಯಡ್ಕ ಕಡೆ ಎಲ್ಲಿ ಕೂಟ ಇದ್ದರೂ ಟೇಪ್ ರೆಕಾರ್ಡರ್ ಹಿಡಿದುಕೊಂಡು ಹೋಗಿ ಮುಂದಿನ ಸಾಲಲ್ಲಿ ಕೂತು ತುಂಬಿಸಿಕೊಂಡು ಬಂದದ್ದು ಇವು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಇದೆ, ಕುಂಬಳೆ ಸುಂದರ ರಾಯರ ಅರ್ಥ (ಪಾತ್ರದ ಮಾತು) ಇದೆ, ಹೆಸರು ಬರೆಯದೆ ಬಿಟ್ಟ ಎಷ್ಟೋ ಊರ ಕೂಟಗಳಿವೆ. ಆ ಕೊನೆಯವು ಬೇರೆ ಯಾರ ಹತ್ತಿರವೂ ಇರಲಿಕ್ಕಿಲ್ಲ. ಅದಕ್ಕೇ ನನಗೆ ಈ ಅವಸರ.

ಈ ಸಲ ಒಂದು ಬದಲಾವಣೆ ಮಾಡಿದ್ದೇನೆ. ಮಾನಿಟರಿನ ಸಣ್ಣ ಅಕ್ಷರ ಅಪ್ಪನ ಕಣ್ಣಿಗೆ ಹಿಡಿಯುವುದಿಲ್ಲ. ದನಿ ಕೇಳಿ "ಇದು ಇಂಥವರು, ಇದು ಇಂಥ ಕೂಟ" ಎಂದು ಹೇಳಬೇಕಾದವರು ಅವರೇ ಅಲ್ವಾ, ಹಾಗಾಗಿ ಕಂಪ್ಯೂಟರನ್ನೇ ಜಗಲಿಗೆ ತಂದು ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಸಿಕ್ಕಿಸಿದೆ. ಪಟ್ಟಿ ದೊಡ್ಡದಾಗಿ ಕಾಣುತ್ತದೆ. ಅಪ್ಪನಿಗೆ ಬಹಳ ಖುಷಿಯಾಯಿತು.

ಜೂನ್ 9

ಕಂಪ್ಯೂಟರ್ ಏಳುತ್ತಿಲ್ಲ.

ಮೊನ್ನೆ ಚಾಲೂ ಇರುವಾಗಲೇ ಕೇಬಲ್ ಸಿಕ್ಕಿಸಿದ್ದೆ, ಏನೂ ತೊಂದರೆ ಇರಲಿಲ್ಲ. ನಿನ್ನೆ ಸಂಜೆ ಗುಂಡಿ ಒತ್ತಿದರೆ ಫ್ಯಾನ್ ಒಂದು ಸೆಕೆಂಡ್ ತಿರುಗಿ ನಿಂತಿತು. ಮತ್ತೆ ಒತ್ತಿದೆ, ಈ ಸಲ ಅಷ್ಟೂ ಇಲ್ಲ. ಟಿವಿಯ ಕೇಬಲ್ ಎಳೆದು ಒತ್ತಿದೆ, ಎದ್ದಿತು. ಆರಿಸಿ, ಕೇಬಲ್ ಹಾಕಿ ಒತ್ತಿದೆ, ಇಲ್ಲ. ಹತ್ತು ಸಲ ಮಾಡಿ ನೋಡಿದೆ, ಹತ್ತು ಸಲವೂ ಹೀಗೇ.

ಇಲ್ಲಿ ಒಂದು ವಿಷಯ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ "ಟಿವಿ ಹಾಕಿದರೆ ಕಂಪ್ಯೂಟರ್ ಬರುವುದಿಲ್ಲ" ಎಂದು ಹೇಳುವವರಲ್ಲಿ ಮೂರು ಬಗೆಯ ತೊಂದರೆ ಇರುತ್ತದೆ. ಒಂದು, ಕಂಪ್ಯೂಟರ್ ಎದ್ದಿರುತ್ತದೆ, ಚಿತ್ರ ಮಾತ್ರ ಬೇರೆ ಪರದೆಗೆ ಹೋಗಿರುತ್ತದೆ ಅಥವಾ ಟಿವಿಗೆ ಒಗ್ಗದ ಅಳತೆಯಲ್ಲಿರುತ್ತದೆ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿದಾಗ ದೀಪ ಹತ್ತಿ ಆರಿದರೆ ಮೆಷಿನ್ ಜೀವಂತ ಇದೆ ಎಂದರ್ಥ. ಎರಡು, ಫ್ಯಾನ್ ತಿರುಗುತ್ತಲೇ ಇರುತ್ತದೆ, ಮುಂದೆ ಹೋಗುವುದಿಲ್ಲ. ಟಿವಿ ತನ್ನ ಅಳತೆಯ ವಿವರ ಹೇಳುವ ಸಣ್ಣ ಚೀಟಿಯಂಥದ್ದೊಂದನ್ನು, ಅಂದರೆ ಇಡಿಐಡಿಯನ್ನು, ಕೇಬಲಿನ 15 ಮತ್ತು 16ನೇ ಪಿನ್ನಿನ ಮೂಲಕ ಕಳಿಸುತ್ತದೆ, ಕಂಪ್ಯೂಟರನ್ನು ಮೊದಲು ಎಬ್ಬಿಸುವ ತಂತ್ರಾಂಶವಾದ ಬಯಾಸ್‌ಗಳಲ್ಲಿ ಕೆಲವು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಮೂರು, ಗುಂಡಿ ಒತ್ತಿದರೂ ಕರೆಂಟೇ ಉಳಿಯುವುದಿಲ್ಲ, ಕೂಡಲೇ ಆರಿಹೋಗುತ್ತದೆ. ನನ್ನದು ಮೂರನೆಯದು. ಫ್ಯಾನೇ ನಿಂತ ಮೇಲೆ ಚಿತ್ರದ ಮಾತು ಎಲ್ಲಿ ಬಂತು?

ಜೂನ್ 12

ರ್‍ಯಾಮ್ ತೆಗೆದು ರಬ್ಬರಿನಿಂದ ತಿಕ್ಕಿದೆ. ಮದರ್‌ಬೋರ್ಡಿನ ಸಿಆರ್ 2032 ಬ್ಯಾಟರಿ 2.6 ವೋಲ್ಟ್ ಇತ್ತು, ಹೊಸದು 3 ವೋಲ್ಟ್ ಮೇಲಿರಬೇಕು, ಬದಲಿಸಿದೆ. ಭಾವನ ಮನೆಯಿಂದ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ತಂದು ಹಾಕಿದೆ. ಯಾವುದರಿಂದಲೂ ಒಂದು ಚೂರೂ ವ್ಯತ್ಯಾಸ ಇಲ್ಲ. ಸದ್ಯಕ್ಕೆ ಮೊದಲು ಕಂಪ್ಯೂಟರ್ ಹಾಕಿ ಆಮೇಲೆ ಕೇಬಲ್ ಸಿಕ್ಕಿಸಿ ಕೆಲಸ ನಡೆಸುತ್ತಿದ್ದೇನೆ. ಇದು ಸರಿಯಲ್ಲ. ನಾನು ತೋಟದಲ್ಲಿರುವಾಗ ಅಪ್ಪ ಬಗ್ಗಿ ಟಿವಿಯ ಹಿಂದೆ ಕೈ ಹಾಕುವುದು ನನಗೆ ಬೇಡ.

38ನೇ ಕ್ಯಾಸೆಟ್ ಎ ಬದಿ ರೆಕಾರ್ಡ್ ಮಾಡಿದೆ. ಹಿಂದೆ ಒಂದು "ಗುಂ" ಎಂಬ ಸದ್ದು ಸೇರಿಕೊಂಡಿದೆ, ಮದ್ದಳೆ ನಿಂತಾಗ ಸ್ಪಷ್ಟ ಕೇಳುತ್ತದೆ. ಹೋದ ವರ್ಷ ಒಳಕೋಣೆಯಲ್ಲಿ ಮಾಡಿದ 37ರಲ್ಲಿ ಇದು ಇಲ್ಲ. 50 ಹರ್ಟ್ಸ್‌ನ ಸದ್ದು, ಅಂದರೆ ಮನೆಯ ಕರೆಂಟಿನದೇ ಸದ್ದು.

ಜೂನ್ 14

ಇವತ್ತು ಕೇಬಲ್ ಸಿಕ್ಕಿಸುವಾಗ ಬೆರಳಿಗೆ ಜುಂ ಎಂದಿತು. ಬರಿಗಾಲಲ್ಲಿದ್ದೆ, ಮಳೆಗೆ ನೆಲವೆಲ್ಲ ತಂಪು. ಟೆಸ್ಟರ್ ತಂದು ಕ್ಯಾಬಿನೆಟ್ಟಿಗೆ ಮುಟ್ಟಿಸಿದರೆ ಒಳಗಿನ ಸಣ್ಣ ದೀಪ ಮಂಕಾಗಿ ಹೊತ್ತಿತು. ಹೊಸ ಕೋಣೆಯ ಸಾಕೆಟ್ಟಿನ ಅರ್ತ್‌ನಿಂದ ಉದ್ದದ ತಂತಿ ಎಳೆದು ಮಲ್ಟಿಮೀಟರ್ ಇಟ್ಟೆ. ಆ ಅರ್ತ್‌ಗೂ ಕ್ಯಾಬಿನೆಟ್ಟಿಗೂ ನಡುವೆ 94 ವೋಲ್ಟ್ ಎಸಿ!

ಹೆದರುವಷ್ಟು ದೊಡ್ಡ ಸಂಖ್ಯೆ, ಆದರೆ ಅದರ ಹಿಂದೆ ಇರುವ ಕರೆಂಟ್ ಬಹಳ ಸಣ್ಣದು. ಎಸ್‌ಎಂಪಿಎಸ್ ಒಳಗೆ ಫೇಸಿನಿಂದ ಒಂದು, ನ್ಯೂಟ್ರಲಿನಿಂದ ಒಂದು ಸಣ್ಣ ಕೆಪಾಸಿಟರ್ ಕ್ಯಾಬಿನೆಟ್ಟಿಗೆ ಸೇರಿರುತ್ತದೆ. ಅರ್ತ್ ಇದ್ದರೆ ಸೋರಿದ್ದು ನೆಲಕ್ಕೆ ಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಕ್ಯಾಬಿನೆಟ್ 230ರ ಸುಮಾರು ಅರ್ಧದಲ್ಲಿ ತೇಲುತ್ತಾ ಇರುತ್ತದೆ. ಟಿವಿಯದು ಎರಡು ಪಿನ್ನಿನ ಪ್ಲಗ್, ಅದೂ ಹಾಗೇ ತೇಲುತ್ತದೆ. ಇಬ್ಬರನ್ನೂ ಕೇಬಲ್ ಜೋಡಿಸಿದಾಗ ಆ ಸೋರಿಕೆ ಕೇಬಲಿನ ಮೈಮೇಲೆ ಓಡಾಡುತ್ತದೆ. ಗುಂ ಸದ್ದು ಅದರಿಂದಲೇ ಎಂದು ನನ್ನ ಅಂದಾಜು.

ಜಗಲಿಯ ಸಾಕೆಟ್ಟಿನಲ್ಲಿ ಮೂರು ತೂತು ಇದೆ. ಮೇನ್ ಆರಿಸಿ ಬಿಚ್ಚಿ ನೋಡಿದೆ. ದೊಡ್ಡ ತೂತಿನ ಹಿಂದೆ ತಂತಿಯೇ ಇಲ್ಲ. ಅಜ್ಜನ ಕಾಲದ ಭಾಗ ಅದು, ವಯರಿಂಗ್ ಮಾಡುವಾಗ ಎರಡೇ ತಂತಿ ಎಳೆದಿದ್ದಾರೆ, ಆಮೇಲೆ ಯಾರೋ ಮೂರು ತೂತಿನ ಸಾಕೆಟ್ ಕೂರಿಸಿದ್ದಾರೆ.

ಜೂನ್ 17

ಊರಿನ ವಯರಿಂಗ್ ಅಣ್ಣ ಬಂದು ಜಗಲಿಗೆ ಹಸಿರು ತಂತಿ ಎಳೆದು ಕೊಟ್ಟರು. ಅರ್ತ್ ಗುಂಡಿಯನ್ನೂ ನೋಡಿದರು. ನಮ್ಮದು ಮುರಕಲ್ಲಿನ ಗುಡ್ಡೆ. ಮಳೆಗಾಲದಲ್ಲಿ ಅರ್ತ್ ಸರಿ ಇರುತ್ತದೆ, ಎಪ್ರಿಲ್‌ನಲ್ಲಿ ಕಲ್ಲು ಒಣಗಿದರೆ ಹಿಡಿಯುವುದಿಲ್ಲ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯಿ ಎಂದರು.

ಈಗ ಕ್ಯಾಬಿನೆಟ್ಟಿನಲ್ಲಿ 0.3 ವೋಲ್ಟ್. ಬೆರಳಿಗೆ ಏನೂ ತಿಳಿಯುವುದಿಲ್ಲ. 38ನೇ ಕ್ಯಾಸೆಟ್ ಮತ್ತೆ ಮಾಡಿದೆ, ಗುಂ ಸದ್ದು ಹೋಗಿದೆ. ಮದ್ದಳೆಯ ಪೆಟ್ಟು ಮುಗಿದು ಅರ್ಥಧಾರಿ ಉಸಿರು ತೆಗೆದುಕೊಳ್ಳುವುದು ಕೂಡ ಕೇಳುತ್ತದೆ. ಈ ಒಂದು ತಂತಿಗೆ ನಾನು ಎಷ್ಟು ಸಂತೋಷಪಟ್ಟೆ ಎಂದು ಬರೆದು ಪೂರೈಸದು.

ಆದರೆ ಕಂಪ್ಯೂಟರ್ ಮಾತ್ರ ಏಳಲಿಲ್ಲ.

ಜೂನ್ 21

ರಾತ್ರಿ ಏಳು ಗಂಟೆಗೆ ಗಾಳಿ ಎದ್ದು ಕರೆಂಟ್ ಹೋಯಿತು. ಎಲ್ಲೋ ಲೈನಿನ ಮೇಲೆ ಕೊಂಬೆ ಬಿದ್ದಿರಬೇಕು. ಕಂಪ್ಯೂಟರಿಗೆ 600 ವಿಎಯ ಸಣ್ಣ ಯುಪಿಎಸ್ ಇದೆ, ಟಿವಿಗೆ ಏನೂ ಇಲ್ಲ. ಹತ್ತು ನಿಮಿಷ ಸುಮ್ನೆ ಕೂತಿದ್ದೆ. ಆಮೇಲೆ ಮಧ್ಯಾಹ್ನದ ಫೈಲನ್ನು ಪೆನ್‌ಡ್ರೈವಿಗೆ ಹಾಕಿಬಿಡೋಣ ಎಂದು ಯುಪಿಎಸ್ ಬೀಪ್ ಬೀಪ್ ಅನ್ನುತ್ತಿರುವಾಗಲೇ ಗುಂಡಿ ಒತ್ತಿದೆ.

ಎದ್ದಿತು. ಕೇಬಲ್ ಟಿವಿಯಲ್ಲೇ ಇತ್ತು! ತೆಗೆದೇ ಇರಲಿಲ್ಲ!

ಅಪ್ಪ ಕತ್ತಲಲ್ಲಿ "ಎಂತ ಆಯ್ತು?" ಎಂದು ಕೇಳಿದರು. ನಾನು ಟಾರ್ಚ್ ಹಿಡಿದು ಟಿವಿಯ ಹಿಂದೆ ನೋಡುತ್ತಿದ್ದೆ. ಕೇಬಲ್ ಇದ್ದರೂ ಏಳುತ್ತದೆ, ಟಿವಿಗೆ ಕರೆಂಟ್ ಇಲ್ಲದಿದ್ದರೆ. ಹಾಗಾದರೆ ಟಿವಿಯಿಂದ ಏನೋ ಹಿಂದಕ್ಕೆ ಬರುತ್ತಿದೆ.

ಒಂಬತ್ತಕ್ಕೆ ಕರೆಂಟ್ ಬಂದ ಮೇಲೆ ಖಾತ್ರಿ ಮಾಡಿಕೊಂಡೆ. ಟಿವಿಯನ್ನು ರಿಮೋಟಿನಲ್ಲಿ ಆರಿಸಿದರೆ ಸಾಲದು, ಕೆಂಪು ದೀಪ ಹೊತ್ತಿರುವಷ್ಟು ಹೊತ್ತೂ ಕಂಪ್ಯೂಟರ್ ಏಳುವುದಿಲ್ಲ. ಗೋಡೆಯ ಸ್ವಿಚ್ ಆರಿಸಿ ಒಂದೆರಡು ನಿಮಿಷ ಬಿಟ್ಟರೆ ಏಳುತ್ತದೆ.

ಜೂನ್ 22, ಭಾನುವಾರ

ಇಡೀ ಮಧ್ಯಾಹ್ನ ಅಳೆಯುವುದರಲ್ಲೇ ಹೋಯಿತು. ಕಂಪ್ಯೂಟರಿನ ಪವರ್ ಕೇಬಲ್ ಪೂರ್ತಿ ಕಿತ್ತು ಪಕ್ಕಕ್ಕಿಟ್ಟೆ. ಬೋರ್ಡಿಗೆ ಹೋಗುವ 24 ಪಿನ್ನಿನ ಕನೆಕ್ಟರಿನಲ್ಲಿ ಕಿತ್ತಳೆ ಬಣ್ಣದ ತಂತಿ 3.3 ವೋಲ್ಟಿನದು, ಕೆಂಪು 5ರದು, ಹಳದಿ 12ರದು, ಕಪ್ಪು ಗ್ರೌಂಡ್. ಕಿತ್ತಳೆ ತಂತಿಯ ಹಿಂಬದಿಯಿಂದ ಮೀಟರಿನ ಮೊನೆ ಇಳಿಸಿ, ಇನ್ನೊಂದನ್ನು ಕಪ್ಪಿಗೆ ಇಟ್ಟೆ.

0.00.

ಅಮ್ಮನ ಹತ್ತಿರ ಎಚ್‌ಡಿಎಂಐ ಸಿಕ್ಕಿಸಲು ಹೇಳಿದೆ. ಸಂಖ್ಯೆ ಏರತೊಡಗಿತು. 0.4, 0.9, 1.2, ಕೊನೆಗೆ 1.41ಕ್ಕೆ ನಿಂತಿತು. ಗೋಡೆಯ ಪ್ಲಗ್ಗೇ ಇಲ್ಲದ ಕಂಪ್ಯೂಟರಿನಲ್ಲಿ 1.41 ವೋಲ್ಟ್! ಟಿವಿಯ ಸ್ವಿಚ್ ಆರಿಸಿದಾಗ ಅದೇ ಸಂಖ್ಯೆ ನಿಧಾನ ಇಳಿದು ಸೊನ್ನೆಗೆ ಬಂತು. ನಾಲ್ಕು ಸಲ ಮಾಡಿದೆವು, ನಾಲ್ಕು ಸಲವೂ ಹಾಗೇ.

ಇದು ಎಲ್ಲಿಂದ ಬರುತ್ತದೆ ಎಂದು ಓದಿ ತಿಳಿದುಕೊಂಡದ್ದು ಇಷ್ಟು. ಎಚ್‌ಡಿಎಂಐಯಲ್ಲಿ 19 ಪಿನ್. 18ನೆಯದು 5 ವೋಲ್ಟ್, ಅದು ಕಂಪ್ಯೂಟರಿನಿಂದ ಟಿವಿಗೆ ಹೋಗಬೇಕಾದ್ದು. ಎಲ್ಲರೂ ಮೊದಲು ಬೈಯುವುದು ಅದನ್ನೇ. ಆದರೆ ಚಿತ್ರ ಹೊರುವ ತಂತಿಗಳಿವೆಯಲ್ಲ, ನಾಲ್ಕು ಜೋಡಿ, ಅವುಗಳಲ್ಲಿ ಒಂದೊಂದನ್ನೂ ಟಿವಿ ತನ್ನ ಕಡೆಯಲ್ಲಿ 50 ಓಮ್ ರೆಸಿಸ್ಟರಿನ ಮೂಲಕ 3.3 ವೋಲ್ಟಿಗೆ ಎಳೆದು ಹಿಡಿದಿರುತ್ತದೆ. ಅದು ತಪ್ಪಲ್ಲ, ಎಚ್‌ಡಿಎಂಐ ಕೆಲಸ ಮಾಡುವ ಕ್ರಮವೇ ಅದು. ಕಂಪ್ಯೂಟರ್ ಆರಿರುವಾಗ ಅಲ್ಲಿಂದ ಕರೆಂಟ್ ಒಳಗೆ ನುಸುಳದ ಹಾಗೆ ತಡೆ ಇರಬೇಕು. ನನ್ನ ಹಳೆಯ ಬೋರ್ಡಿನಲ್ಲಿ ಆ ತಡೆ ಸರಿ ಇಲ್ಲ, ಟಿವಿಯೂ ಮಲಗಿರುವಾಗ ಆ 3.3 ವೋಲ್ಟನ್ನು ಬಿಡುವುದಿಲ್ಲ. ಎರಡೂ ಸೇರಿ ಹೀಗಾಯಿತು.

1.41 ವೋಲ್ಟಿನಿಂದ ಏನಾಗುತ್ತದೆ ಎಂದು ಭಾವ ಕೇಳಿದ. ಬೋರ್ಡಿನ ಚಿಪ್‌ಗಳು ಸೊನ್ನೆಯಿಂದ ಏಳಬೇಕು. ವೋಲ್ಟೇಜ್ ಸೊನ್ನೆಯಿಂದ ಮೇಲೇರುವುದನ್ನು ನೋಡಿಯೇ ರಿಸೆಟ್ ಆಗುವ ಏರ್ಪಾಡು ಅಲ್ಲಿದೆ. ಈಗ ಅವು ಪೂರ್ತಿ ಮಲಗಿಯೂ ಇಲ್ಲ, ಎದ್ದೂ ಇಲ್ಲ, ಅರೆನಿದ್ದೆಯಲ್ಲಿವೆ. ಗುಂಡಿ ಒತ್ತಿದಾಗ ರಿಸೆಟ್ ಸರಿಯಾಗಿ ಆಗುವುದಿಲ್ಲ, ಬೋರ್ಡ್ ಏನೋ ಎಡವಟ್ಟಾಗಿದೆ ಎಂದು ಕೂಡಲೇ ನಿಲ್ಲಿಸಿಬಿಡುತ್ತದೆ. ಆ ಒಂದು ಸೆಕೆಂಡಿನ ಫ್ಯಾನ್ ಅದೇ.

18ನೇ ತಂತಿ ಕತ್ತರಿಸಿಬಿಡು ಎಂದು ಒಬ್ಬರು ಹೇಳಿದರು. ನಾನು ಕತ್ತರಿಸಲಿಲ್ಲ. ಆ 5 ವೋಲ್ಟ್ ಬಂದರೇ ಟಿವಿ 19ನೇ ಪಿನ್ನಿನಲ್ಲಿ "ನಾನಿದ್ದೇನೆ" ಎಂದು ಉತ್ತರ ಕೊಡುವುದು. ಅದನ್ನು ಕಡಿದರೆ ಕಂಪ್ಯೂಟರಿಗೆ ಟಿವಿ ಇರುವುದೇ ಗೊತ್ತಾಗಲಿಕ್ಕಿಲ್ಲ, ಚಿತ್ರದ ತಂತಿಯ ದಾರಿಯಂತೂ ಹಾಗೇ ತೆರೆದಿರುತ್ತದೆ.

ಜೂನ್ 29

ಕಾಸರಗೋಡಿಗೆ ಹೋದಾಗ ಒಂದು ಸಣ್ಣ ಎಚ್‌ಡಿಎಂಐ ಸ್ಪ್ಲಿಟರ್ ತಂದೆ, ಒಂದು ಕಡೆ ಒಳಗೆ, ಎರಡು ಕಡೆ ಹೊರಗೆ. ನಡುವೆ ಅದು ಕೂತರೆ ಟಿವಿಯ ಕರೆಂಟ್ ಕಂಪ್ಯೂಟರಿಗೆ ನೇರ ತಲುಪುವುದಿಲ್ಲ ಎಂದು ಲೆಕ್ಕ. ಅದರದೇ ಅಡಾಪ್ಟರ್ ಗೋಡೆಗೆ ಹಾಕಿ ನೋಡಿದೆ. ಐದು ಸಲದಲ್ಲಿ ಮೂರು ಸಲ ಎದ್ದಿತು. ಮೀಟರಿನಲ್ಲಿ 0.9.

ಸ್ವಲ್ಪ ಹೊತ್ತು ಬೇಜಾರಾಗಿ ಕೂತೆ, ಆಮೇಲೆ ಹೊಳೆಯಿತು. ಕಂಪ್ಯೂಟರಿನ ಕಡೆಯಿಂದ ನೋಡಿದರೆ ಸ್ಪ್ಲಿಟರ್ ಕೂಡ ಒಂದು ಟಿವಿಯೇ. ಅದಕ್ಕೆ ಯಾವಾಗಲೂ ಕರೆಂಟ್ ಇದ್ದರೆ ಅದೂ ಹಿಂದಕ್ಕೆ ಕೊಡುತ್ತದೆ. ಕಂಪ್ಯೂಟರ್ ಮಲಗಿದಾಗ ಅದೂ ಮಲಗಬೇಕು. ಅಡಾಪ್ಟರ್ ಬಿಟ್ಟು ಕಂಪ್ಯೂಟರಿನ ಯುಎಸ್‌ಬಿಯಿಂದಲೇ ಅದಕ್ಕೆ 5 ವೋಲ್ಟ್ ಕೊಟ್ಟೆ. ಆದರೂ ಸ್ಪ್ಲಿಟರಿನ ನೀಲಿ ದೀಪ ಆರಲಿಲ್ಲ, ಏಕೆಂದರೆ ಕಂಪ್ಯೂಟರ್ ಆರಿಸಿದ ಮೇಲೂ ಯುಎಸ್‌ಬಿಯಲ್ಲಿ ಸ್ಟ್ಯಾಂಡ್‌ಬೈ ಕರೆಂಟ್ ಇರುತ್ತದೆ. ಬಯಾಸ್ ಒಳಗೆ ಹೋಗಿ ಇಆರ್‌ಪಿ ಎಂಬುದನ್ನು ಚಾಲೂ ಮಾಡಿದೆ. ಆರಿದಾಗ ಸ್ಟ್ಯಾಂಡ್‌ಬೈ ಕರೆಂಟ್ ಉಳಿಸುವ ಸೆಟ್ಟಿಂಗ್ ಅದು, ಕೀಬೋರ್ಡ್ ಒತ್ತಿ ಎಬ್ಬಿಸುವುದು ಆಮೇಲೆ ನಡೆಯುವುದಿಲ್ಲ, ನನಗೆ ಅದು ಬೇಕಾಗಿಯೂ ಇಲ್ಲ.

ಕಂಪ್ಯೂಟರ್ ಆರಿಸಿದೆ. ನೀಲಿ ದೀಪವೂ ಆರಿತು. ಟಿವಿಯ ಕೆಂಪು ದೀಪ ಹೊತ್ತಿಯೇ ಇದೆ. ಕಿತ್ತಳೆ ತಂತಿಯಲ್ಲಿ 0.08.

ಗುಂಡಿ ಒತ್ತಿದೆ, ಎದ್ದಿತು.

ಜುಲೈ 5

ಒಂದು ವಾರದಲ್ಲಿ 23 ಸಲ ಹಾಕಿ ಆರಿಸಿದ್ದೇನೆ, ಒಂದು ಸಲವೂ ತಪ್ಪಲಿಲ್ಲ. ಟಿವಿ ಚಾಲೂ ಇರುವಾಗ, ಕೆಂಪು ದೀಪ ಇರುವಾಗ, ಕರೆಂಟ್ ಹೋಗಿ ಬಂದ ಕೂಡಲೇ, ಎಲ್ಲ ರೀತಿ ನೋಡಿದೆ. ಭಾವನ ಎಸ್‌ಎಂಪಿಎಸ್ ವಾಪಸ್ ಕೊಟ್ಟಾಯಿತು.

ಇವತ್ತು ನಾನು ಪೇಟೆಯಿಂದ ಬರುವಾಗ ಜಗಲಿಯಿಂದ ಭಾಗವತರ ದನಿ ಕೇಳುತ್ತಿತ್ತು. ಅಪ್ಪ ತಾವೇ ಗುಂಡಿ ಒತ್ತಿ, ಟಿವಿಯ ಪಟ್ಟಿಯಲ್ಲಿ 38 ಹುಡುಕಿ, ಮುಂಡಾಸಿನ ಬಟ್ಟೆ ಹೆಗಲ ಮೇಲೆ ಹಾಕಿ ಕೂತಿದ್ದಾರೆ. "ಮದ್ದಳೆ ಬಾರಿಸುವುದು ಯಾರೆಂದು ಈಗ ಗೊತ್ತಾಯ್ತು, ಬರೆದುಕೋ" ಎಂದರು. ಬರೆದುಕೊಂಡೆ.

41ನೆಯದರಲ್ಲಿ ರೀಲಿನ ಹಿಂದಿನ ಸಣ್ಣ ಫೆಲ್ಟ್ ಪ್ಯಾಡ್ ಕಳಚಿ ಬಿದ್ದಿದೆ, ಸ್ವರ ಮುಸುಕಾಗಿದೆ. ಖಾಲಿ ಕ್ಯಾಸೆಟ್ಟಿನಿಂದ ಒಂದು ಪ್ಯಾಡ್ ತೆಗೆದು ಕೂರಿಸಬೇಕು. ನಾಳೆ ಹಗಲು ಬೆಳಕಿನಲ್ಲಿ ಬಿಚ್ಚುತ್ತೇನೆ.