ಆ ಅಜ್ಜಿ ಏನು ಕೆಲಸ ಮಾಡುತ್ತಿದ್ದರು?

ಕೆನಡಾದ ವಿನ್ನಿಪೆಗ್‌ನ ನಮ್ಮ ಮನೆಗೆ ಬರುವ ಕನ್ನಡದವರ ಕಣ್ಣು ಮೊದಲು ಬೀಳುವುದು ಸೋಫಾದ ಮೇಲೆ ಹೊದಿಸಿರುವ ಕೌದಿಯ ಮೇಲೆ. "ಊರಿಂದ ತಂದದ್ದೇನ್ರೀ?" ಎಂದು ಕೇಳುತ್ತಾರೆ. ಅಲ್ಲ, ಪಕ್ಕದ ಮನೆಯಲ್ಲಿದ್ದ ಮೆನೊನೈಟ್ ಅಜ್ಜಿ ಮಾಡಿದ್ದು ಎಂದೊಡನೆ ಎರಡು ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಅವರು ಕುದುರೆಗಾಡಿಯಲ್ಲಿ ಓಡಾಡುವ ಜನರಲ್ಲವೇ ಎಂಬುದು ಮೊದಲನೆಯದು. ಅಜ್ಜಿಯ ಬಗ್ಗೆ ನಾನು ನಾಲ್ಕು ಮಾತು ಹೇಳಿ ಮುಗಿಸಿದ ಮೇಲೆ ಎರಡನೆಯದು ಬರುತ್ತದೆ: "ಅದೆಲ್ಲ ಸರಿ, ಅವರು ಏನು ಕೆಲಸ ಮಾಡುತ್ತಿದ್ದರು?"

ಮೊದಲನೆಯದಕ್ಕೆ ಉತ್ತರ ಚಿಕ್ಕದು. ನೆದರ್ಲೆಂಡ್ಸ್‌ನ ಫ್ರೀಸ್‌ಲ್ಯಾಂಡಿನಲ್ಲಿ ಕ್ಯಾಥೊಲಿಕ್ ಪಾದ್ರಿಯಾಗಿದ್ದ ಮೆನೊ ಸೈಮನ್ಸ್ 1536ರಲ್ಲಿ ಆ ಹುದ್ದೆಯನ್ನು ಬಿಟ್ಟು, ಬುದ್ಧಿ ಬಂದ ಮೇಲೆ ಸ್ವಂತ ನಿರ್ಧಾರದಿಂದ ದೀಕ್ಷಾಸ್ನಾನ ಪಡೆಯಬೇಕು, ಆಯುಧ ಹಿಡಿಯಬಾರದು ಎನ್ನುವವರ ಜೊತೆ ಸೇರಿದರು. ಅವರ ಹೆಸರಿನಿಂದ ಬಂದದ್ದು ಮೆನೊನೈಟ್ ಎಂಬ ಹೆಸರು. ಸಿನಿಮಾಗಳಲ್ಲಿ ಕಾಣುವ ಕುದುರೆಗಾಡಿಯ ಆಮಿಶ್ ಜನ 1693ರಲ್ಲಿ ಇದೇ ಬೇರಿನ ಸ್ವಿಸ್ ಕೊಂಬೆಯಿಂದ ಒಡೆದು ಹೋದವರು. ಹಳೆಯ ಕಟ್ಟುಪಾಡು ಬಿಡದ ಕೆಲವು ಮೆನೊನೈಟ್ ಗುಂಪುಗಳು ಇಂದಿಗೂ ಕುದುರೆಗಾಡಿ ಹೂಡುತ್ತವೆ ಎಂಬುದು ನಿಜವಾದರೂ, ನಮ್ಮ ಅಜ್ಜಿಯ ಬಳಿ ಕಾರಿತ್ತು, ಮತ್ತು ಅದನ್ನು ಅವರು ಸ್ವಲ್ಪ ಜೋರಾಗಿಯೇ ಓಡಿಸುತ್ತಿದ್ದರು. ನಾನು ರಾಯಚೂರಿನವಳು, ನಮ್ಮೂರಿನಿಂದ ಅಷ್ಟೇನೂ ದೂರವಿಲ್ಲದ ಗದ್ವಾಲ, ಮಹಬೂಬ್‌ನಗರಗಳಲ್ಲಿ ತೆಲುಗಿನಲ್ಲಿ ಪ್ರಾರ್ಥಿಸುವ ಮೆನೊನೈಟ್ ಬ್ರೆದ್ರೆನ್ ಸಭೆಗಳಿವೆ ಎಂಬುದು ಇಲ್ಲಿಗೆ ಬರುವವರೆಗೆ ನನಗೇ ತಿಳಿದಿರಲಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರಿಸಲು ಅಜ್ಜಿಯ ತಾಯಿಯಿಂದ ಆರಂಭಿಸಬೇಕಾಗುತ್ತದೆ. ಆಕೆ ಹುಟ್ಟಿದ್ದು ದಕ್ಷಿಣ ಉಕ್ರೇನಿನ ಮೊಲೊಚ್ನಾದಲ್ಲಿ, ರಷ್ಯದ ರಾಣಿ ಎರಡನೆಯ ಕ್ಯಾಥರೀನ್ ಕೊಟ್ಟ ಆಶ್ವಾಸನೆಯನ್ನು ನಂಬಿ ಹೋದ ಮೆನೊನೈಟರು 1804ರಲ್ಲಿ ಕಟ್ಟಿಕೊಂಡ ಹಳ್ಳಿಗಳಲ್ಲೊಂದರಲ್ಲಿ. ಕ್ರಾಂತಿ, ಅಂತರ್ಯುದ್ಧ, ಲೂಟಿ, ಟೈಫಸ್ ಎಲ್ಲವೂ ಹಾದು ಹೋದ ಮೇಲೆ ಬಂದ ಕ್ಷಾಮದಲ್ಲಿ, ಎಂದರೆ 1922ರಲ್ಲಿ, ಅಮೆರಿಕದ ಮೆನೊನೈಟರು ಎರಡು ವರ್ಷ ಹಿಂದೆ ಕಟ್ಟಿಕೊಂಡಿದ್ದ ಮೆನೊನೈಟ್ ಸೆಂಟ್ರಲ್ ಕಮಿಟಿ ಅಲ್ಲಿ ಗಂಜಿಕೇಂದ್ರಗಳನ್ನು ತೆರೆಯಿತು. ಹದಿನಾರರ ಆ ಹುಡುಗಿ ಬಟ್ಟಲು ಹಿಡಿದು ಸಾಲಿನಲ್ಲಿ ನಿಂತು ಪಡೆದ ಬಿಳಿಯ ಬನ್ನಿನ ರುಚಿಯನ್ನು ಮುದುಕಿಯಾದ ಮೇಲೂ ಮಗಳಿಗೆ ವರ್ಣಿಸುತ್ತಿದ್ದರಂತೆ. ಮರುವರ್ಷದಿಂದ 1930ರವರೆಗೆ ಸುಮಾರು 20,000 ಮೆನೊನೈಟರು ಸೋವಿಯತ್ ನಾಡನ್ನು ಬಿಟ್ಟು ಕೆನಡಾಕ್ಕೆ ಬಂದರು. ಕೈಯಲ್ಲಿ ಕಾಸಿಲ್ಲದ ಅವರನ್ನು ಕೆನಡಿಯನ್ ಪೆಸಿಫಿಕ್ ರೈಲ್ವೆ ಸಾಲದ ಮೇಲೆ ಕರೆತಂದಿತು. ಆ ಪ್ರಯಾಣದ ಸಾಲಕ್ಕೆ 'ರೈಸೆಶುಲ್ಟ್' ಎಂದು ಹೆಸರು. ಅದನ್ನು ತೀರಿಸಲು ಹಳ್ಳಿಯ ಹೆಣ್ಣುಮಕ್ಕಳು ವಿನ್ನಿಪೆಗ್‌ನ ಶ್ರೀಮಂತರ ಮನೆಗಳಲ್ಲಿ ಕಸಮುಸುರೆಗೆ ನಿಂತು ಸಂಬಳವನ್ನು ಮನೆಗೆ ಕಳಿಸಿದರು. ಅವರಲ್ಲಿ ಅಜ್ಜಿಯ ತಾಯಿಯೂ ಒಬ್ಬರು. ಇಡೀ ಸಮುದಾಯದ ಲೆಕ್ಕ ಚುಕ್ತಾ ಆದದ್ದು 1946ರಲ್ಲಿ. ಆಗ ಅಜ್ಜಿಗೆ ಹದಿನಾಲ್ಕು ವರ್ಷ. ಅಂದು ರಾತ್ರಿ ಊಟಕ್ಕೆ ಮೊದಲು ಅಪ್ಪನ ಪ್ರಾರ್ಥನೆ ಎಷ್ಟು ಉದ್ದವಾಯಿತೆಂದರೆ ಸೂಪು ತಣ್ಣಗಾಯಿತು ಎಂದು ನಗುತ್ತಿದ್ದರು.

ರೈಲಿನವರ ಸಾಲ ತೀರಿತು, ಆದರೆ ಬನ್ನಿನ ಸಾಲಕ್ಕೆ ಲೆಕ್ಕದ ಪುಸ್ತಕವೇ ಇರಲಿಲ್ಲ. ಅಜ್ಜಿ ಜೀವಮಾನವೆಲ್ಲ ಮಾಡಿದ ಕೆಲಸ ಇದನ್ನು ತೀರಿಸುವುದೇ ಆಗಿತ್ತು ಎಂದು ನಾನು ತಿಳಿದಿದ್ದೇನೆ.

ಎಂಟನೆಯ ತರಗತಿಗೆ ಓದು ಬಿಟ್ಟು, ಇಪ್ಪತ್ತಕ್ಕೆ ಮದುವೆಯಾಗಿ, ದಕ್ಷಿಣ ಮ್ಯಾನಿಟೋಬಾದ ವಿಂಕ್ಲರ್ ಬಳಿಯ ಹೊಲದ ಮನೆಯಲ್ಲಿ ಐವರು ಮಕ್ಕಳನ್ನು ಬೆಳೆಸಿದರು. ಹಸು, ಕೋಳಿ, ತೋಟ, ಚಳಿಗಾಲಕ್ಕೆ ಬಾಟಲಿ ತುಂಬುವ ಉಪ್ಪಿನ ಸೌತೆ, ಇವನ್ನು ವಿವರಿಸಬೇಕಿಲ್ಲ. ನಮ್ಮ ಕಡೆಯ ಒಕ್ಕಲುತನದ ಹೆಂಗಸರ ದಿನಚರಿಯನ್ನು ಬಲ್ಲವರಿಗೆ ಅದು ಗೊತ್ತಿರುವಂಥದ್ದೇ. ಆದರೆ ಶನಿವಾರದ ತ್ಸ್ವೀಬಾಕ್ ಬಗ್ಗೆ ಹೇಳಲೇಬೇಕು. ಬೆಣ್ಣೆ ಬೆರೆಸಿದ ಹಿಟ್ಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಂಡಿ ಉಂಡೆ ತೆಗೆದು, ದೊಡ್ಡದರ ಮೇಲೆ ಚಿಕ್ಕದನ್ನು ಕೂರಿಸಿ, ನೆತ್ತಿಯಿಂದ ತಳದವರೆಗೆ ಬೆರಳನ್ನು ಒತ್ತಿ ಇಳಿಸಬೇಕು. ಬೆರಳು ತಳ ಮುಟ್ಟದಿದ್ದರೆ ಒಲೆಯೊಳಗೆ ಬನ್ನಿನ ತಲೆ ಓರೆಯಾಗುತ್ತದೆ. ನನ್ನವೆಲ್ಲ ಓರೆಯಾದವು. ಭಾನುವಾರ ಮಧ್ಯಾಹ್ನ ಯಾರು ಬಂದರೂ ಕಾಫಿ, ಜಾಮ್, ಚೀಸ್ ಜೊತೆ ಇವನ್ನು ಇಡುವ ಲಘು ಊಟಕ್ಕೆ ಅವರ ಪ್ಲೌಟ್‌ಡೀಚ್ ಭಾಷೆಯಲ್ಲಿ 'ಫಾಸ್ಪಾ' ಎನ್ನುತ್ತಾರೆ. ಮಿಕ್ಕದ್ದನ್ನು ಗರಿಗರಿಯಾಗಿ ಒಣಗಿಸಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹಡಗು ಹತ್ತಿದವರ ಬುತ್ತಿಯೂ ಅದೇ ಆಗಿತ್ತು. ನಮ್ಮ ಕಡಕ್ ರೊಟ್ಟಿಯ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ನಿಮ್ಮವರೂ ಊರು ಬಿಟ್ಟು ಓಡಿದ್ದರೇ?"

ಮಂಗಳವಾರ ಸಭೆಯ, ಎಂದರೆ ಅವರ ಚರ್ಚಿನ, ಹೆಂಗಸರ ಹೊಲಿಗೆ ಸಂಘ. ನೆರೆಯ ಆಲ್ಟೋನಾ ಊರಿನಲ್ಲಿ 1972ರಲ್ಲಿ ನಾಲ್ವರು ಹೆಂಗಸರು ಸೇರಿ ಸೆಂಟ್ರಲ್ ಕಮಿಟಿಯ ಸಹಾಯಕ್ಕೆಂದು ಹಳೆಯ ಸಾಮಾನಿನ ಅಂಗಡಿ ತೆರೆದರು. ಮುಂದೆ ಕೆನಡಾ, ಅಮೆರಿಕಗಳಲ್ಲೆಲ್ಲ ಹರಡಿದ ಅಂಥ ಅಂಗಡಿಗಳಿಗೆ ಅದೇ ಮೊದಲು. ಅಜ್ಜಿ ಅಲ್ಲಿ ವರ್ಷಗಟ್ಟಲೆ ಬಟ್ಟೆಯ ಮೂಟೆಗಳನ್ನು ಬಿಚ್ಚಿ, ಗುಂಡಿ ಹೋದವಕ್ಕೆ ಗುಂಡಿ ಹಚ್ಚಿ, ಯಾವುದಕ್ಕೂ ಬಾರದವನ್ನು ಕೌದಿಯ ಚೌಕಗಳಾಗಿ ಕತ್ತರಿಸಿದರು. ಸಂಬಳವಿಲ್ಲದ ಈ ದುಡಿಮೆಯನ್ನು ಕೆಲಸ ಎಂದು ಎಣಿಸದ ಕಾರಣಕ್ಕೇ ಜನ ನನ್ನನ್ನು ಆ ಪ್ರಶ್ನೆ ಕೇಳುತ್ತಾರೆ.

ಇಷ್ಟು ಹೇಳಿ ಅವರನ್ನು ದೇವತೆಯನ್ನಾಗಿ ಮಾಡುವ ಆಸೆ ನನಗಿಲ್ಲ. ಅವರಿಗೆ ಟೀಚರ್ ಆಗಬೇಕೆಂದಿತ್ತು. ಹೊಲಿಗೆ ಸಂಘದವರು ಕೂಡಿಸಿದ ಹಣವನ್ನು ಸಭೆ ಸಂತೋಷದಿಂದ ತೆಗೆದುಕೊಳ್ಳುತ್ತಿದ್ದರೂ, ಅವರ ಯೌವನದಲ್ಲಿ ಸಭೆಯ ತೀರ್ಮಾನಗಳಿಗೆ ಮತ ಹಾಕುತ್ತಿದ್ದವರು ಗಂಡಸರು ಮಾತ್ರ. ಇದರ ಬಗ್ಗೆ ಕೇಳಿದರೆ "ಆಗ ಹಾಗಿತ್ತು" ಎಂದು ಮಾತು ಮುಗಿಸುತ್ತಿದ್ದರು. ಹಿರಿಯ ಮೊಮ್ಮಗಳು ಪಾಸ್ಟರ್ ಆಗಿ ಮೊದಲ ಸಲ ಪ್ರಸಂಗ ಮಾಡಿದ ಭಾನುವಾರ ಮಾತ್ರ, ಎಂದೂ ಹಿಂದಿನ ಬೆಂಚು ಬಿಡದ ಅಜ್ಜಿ ಮುಂದಿನ ಸಾಲಿಗೆ ಹೋಗಿ ಕೂತರು.

ಗಂಡ ತೀರಿಕೊಂಡ ಮೇಲೆ ವಿನ್ನಿಪೆಗ್‌ನ ನಾರ್ತ್ ಕಿಲ್ಡೋನನ್‌ಗೆ, ನಮ್ಮ ಪಕ್ಕದ ಮನೆಗೆ ಬಂದರು. ಬೆಳಗಿನ ಜಾವ ಜರ್ಮನ್ ಬೈಬಲ್ ಓದಿ, ಮಕ್ಕಳು, ಮೊಮ್ಮಕ್ಕಳು ಎಲ್ಲರ ಹೆಸರನ್ನೂ ವಯಸ್ಸಿನ ಕ್ರಮದಲ್ಲಿ ಒಂದೊಂದಾಗಿ ಹೇಳಿ ಪ್ರಾರ್ಥಿಸುತ್ತಿದ್ದರು. ಎರಡು ವರ್ಷ ಕಳೆದ ಮೇಲೆ ಆ ಪಟ್ಟಿಯ ಕೊನೆಗೆ ನನ್ನ ಮಗಳ ಹೆಸರೂ ಸೇರಿತು. ಹೆಸರಿನಲ್ಲಿರುವ ಳಕಾರ ಕೊನೆಯವರೆಗೂ ಅವರ ನಾಲಗೆಗೆ ಹೊರಳಲಿಲ್ಲ. ಪಟ್ಟಿಯಿಂದ ಹೆಸರು ಬಿಟ್ಟುಹೋಗಲೂ ಇಲ್ಲ. ಬೇರೆ ದೇವರ ಮನೆಯವಳಾದ ನನಗೆ ಇದರಿಂದ ಇರುಸುಮುರುಸು ಆಗಲಿಲ್ಲವೇ ಎಂದು ಕೆಲವರು ಕೇಳಿದ್ದಾರೆ. ಆಗಲಿಲ್ಲ. ನಮ್ಮವ್ವನೂ ದೀಪ ಹಚ್ಚಿ ಹೀಗೆಯೇ ಹೆಸರು ಹಿಡಿದು ಬೇಡಿಕೊಳ್ಳುತ್ತಿದ್ದಳು.

ಇನ್ನು ಕೌದಿ. ನಮ್ಮ ಕೌದಿಗೆ ಉದ್ದಕ್ಕೂ ಸಾಲು ಹೊಲಿಗೆ ಹಾಕುತ್ತೇವೆ. ಅವರದ್ದರಲ್ಲಿ ಮೇಲಿನ ಚೌಕಗಳು, ನಡುವಿನ ಹತ್ತಿ, ಅಡಿಯ ಬಟ್ಟೆ ಮೂರನ್ನೂ ಚೌಕಟ್ಟಿಗೆ ಬಿಗಿದು, ಕೆಲವು ಅಂಗುಲಗಳಿಗೊಂದರಂತೆ ದಪ್ಪ ದಾರದಿಂದ ಗಂಟು ಹಾಕುತ್ತಾರೆ. ನಾನು ಕಟ್ಟಿದ ಗಂಟುಗಳನ್ನೆಲ್ಲ ಅಜ್ಜಿ ಉಗುರಿನಿಂದ ಎಳೆದು ನೋಡುತ್ತಿದ್ದರು. "ಗಟ್ಟಿಯಾಗಿರಲಿ ಮಗು, ಇದನ್ನು ಯಾರು, ಯಾವ ನೀರಿನಲ್ಲಿ ಒಗೆಯುತ್ತಾರೋ ನಮಗೆ ತಿಳಿಯದು" ಎನ್ನುತ್ತಿದ್ದರು. ನಿರಾಶ್ರಿತರ ಶಿಬಿರಗಳಿಗೆ ಹೋಗುವ ಈ ಹೊದಿಕೆಗಳಿಗೆ ಕಮಿಟಿ ಹೇಳಿದ ಅಳತೆ 60 ಅಂಗುಲ ಅಗಲ, 80 ಅಂಗುಲ ಉದ್ದ. ನಮ್ಮ ಸೋಫಾದ ಮೇಲಿರುವುದನ್ನು ಕತ್ತರಿಸುವಾಗ ನಾನು ಚೌಕಗಳ ಲೆಕ್ಕ ತಪ್ಪಿಸಿ, ಉದ್ದದಲ್ಲಿ ನಾಲ್ಕು ಅಂಗುಲ ಕಡಿಮೆ ಬಂತು. ಅಜ್ಜಿ ಟೇಪು ಹಿಡಿದು ಎರಡು ಸಲ ಅಳೆದು, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಇದು ಹೋಗುವುದಿಲ್ಲ, ನೀನೇ ಇಟ್ಟುಕೋ" ಎಂದರು.