ಒಂದು ತೊಟ್ಟು ರಕ್ತ, ಎರಡು ಸ್ಲೈಡು

ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಪ್ರಾಣಿಶಾಸ್ತ್ರ ಓದಿದವರು ಥಿಯರಿ ಮರೆತರೂ ರಕ್ತಲೇಪದ, ಅಂದರೆ ಗಾಜಿನ ಸ್ಲೈಡಿನ ಮೇಲೆ ರಕ್ತವನ್ನು ತೆಳುವಾಗಿ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ರಾಕ್ಟಿಕಲ್ ಮರೆತಿರಲಾರರು. ಕೆನ್ನೆಯ ಒಳಪದರ ಕೆರೆದು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ ನೋಡುವುದು ಪಿಯುಸಿಯಲ್ಲೇ ಮುಗಿದಿರುತ್ತಿತ್ತು. ಅಲ್ಲಿ ಗಾಳಿಗುಳ್ಳೆಯನ್ನೇ ಜೀವಕೋಶವೆಂದು ರೆಕಾರ್ಡಿನಲ್ಲಿ ಬಿಡಿಸದಿದ್ದರೆ ಸಾಕು. ಕಪ್ಪು ಅಂಚಿನ ದುಂಡನೆಯದು ಗುಳ್ಳೆ. ಅಂಚು ಮಡಚಿಕೊಂಡು ಒಳಗೆ ನೀಲಿ ಕೋಶಕೇಂದ್ರ ಇರುವುದು ಕೋಶ.

ರಕ್ತಲೇಪ ಹಾಗಲ್ಲ, ಕೈ ಪಳಗಬೇಕು. ಉಂಗುರ ಬೆರಳಿಗೆ ಒರೆಸಿದ ಸ್ಪಿರಿಟ್ ಪೂರ್ತಿ ಆರಿದ ಮೇಲೇ ಚುಚ್ಚುವುದು. ಹಸಿ ಇದ್ದರೆ ಕಣಗಳು ಒಡೆಯುತ್ತವೆ. ಬೆರಳು ಹಿಂಡಿದರೆ ಅಂಗಾಂಶದ್ರವ ಬೆರೆತು ರಕ್ತ ನೀರಾಗುತ್ತದೆ. ಮೊದಲ ತೊಟ್ಟು ಒರೆಸಿಹಾಕಿ, ಎರಡನೆಯದನ್ನು ಸ್ಲೈಡಿನ ತುದಿಗೆ ಇಳಿಸಬೇಕು. ಇನ್ನೊಂದು ಸ್ಲೈಡನ್ನು 30-45 ಡಿಗ್ರಿ ಓರೆಯಾಗಿ ಹಿಡಿದು ತೊಟ್ಟಿಗೆ ತಾಗಿಸಿ, ರಕ್ತ ಅಂಚಿನುದ್ದಕ್ಕೂ ಹರಿದೊಡನೆ ಒಂದೇ ಬೀಸಿಗೆ ಮುಂದೆ ತಳ್ಳಬೇಕು. ಕೈ ತಡವರಿಸಿದರೆ ಅಡ್ಡಗೆರೆ, ಕೋನ ಹೆಚ್ಚಾದರೆ ಲೇಪ ದಪ್ಪ, ಸ್ಲೈಡಿಗೆ ಜಿಡ್ಡಿದ್ದರೆ ತೂತು ತೂತು.

ಲೇಪ ಆರಿದ ಮೇಲೆ ಕಣಗಳು ಎದ್ದು ಕಾಣಲು ಲೀಶ್ಮನ್ ಬಣ್ಣ, ಎರಡು ನಿಮಿಷ. ಅದರಲ್ಲಿರುವ ಮೆಥನಾಲ್ ಕಣಗಳನ್ನು ಇದ್ದ ಆಕಾರದಲ್ಲೇ ಹಿಡಿದಿಡುತ್ತದೆ. ಅವಸರಪಟ್ಟು ಮೊದಲೇ ನೀರು ಹಾಕಿದರೆ ಕೆಂಪುಕಣಗಳು ಉಬ್ಬಿ ಒಡೆಯುತ್ತವೆ. ಎರಡು ನಿಮಿಷದ ನಂತರ ಬಣ್ಣದ ಎರಡರಷ್ಟು ಬಫರ್ ನೀರು (ಆಮ್ಲ-ಕ್ಷಾರದ ಮಟ್ಟ ಬದಲಾಗದಂತೆ ಹಿಡಿದಿಡುವ ದ್ರಾವಣ), ಪಿಎಚ್ 6.8, ಮತ್ತೆ ಏಳೆಂಟು ನಿಮಿಷ. ನೀರು ಕ್ಷಾರೀಯವಾದರೆ ಲೇಪವೆಲ್ಲ ನೀಲಿಗಟ್ಟುತ್ತದೆ. ನಲ್ಲಿ ನೀರು ಬೇಡ ಎಂದು ಮೇಡಂ ಗದರುತ್ತಿದ್ದುದು ಇದಕ್ಕೇ. ಬಣ್ಣ ಸ್ಲೈಡಿನ ಮೇಲೇ ಒಣಗಿತೋ, ಕಾಣುವ ಚುಕ್ಕೆ ಪ್ಲೇಟ್‌ಲೆಟ್ಟೋ ಬಣ್ಣದ ಕಸವೋ ದೇವರಿಗೇ ಗೊತ್ತು.

ಎಣ್ಣೆ ಹಾಕಿ ಸೂಕ್ಷ್ಮದರ್ಶಕದ 100ಎಕ್ಸ್ ಮಸೂರದಲ್ಲಿ ನೋಡುವಾಗ ಲೇಪ ತೆಳುವಾಗುತ್ತಾ ಹೋಗುವ ಬಾಲದ ಕಡೆ ಹುಡುಕಬೇಕು, ಅಲ್ಲಿ ಕಣಗಳು ಒಂದರ ಮೇಲೊಂದು ಬಿದ್ದಿರುವುದಿಲ್ಲ. ಕೆಂಪುಕಣದ ಅಗಲ ಸುಮಾರು 7.5 ಮೈಕ್ರೊಮೀಟರ್. ನಡುವೆ ಬಿಳಚಿಕೊಂಡಿರುವುದು ಅಲ್ಲಿ ಅದು ತಗ್ಗಾಗಿರುವುದರಿಂದ. ಕೋಶಕೇಂದ್ರ ಇಲ್ಲದ ಇದು ಹೊಸ ಪ್ರೋಟೀನು ತಯಾರಿಸಲಾರದು, ಸವೆದದ್ದನ್ನು ಸರಿಪಡಿಸಿಕೊಳ್ಳಲಾರದು. ಆಯುಸ್ಸು ಸುಮಾರು 120 ದಿನ. ಬಿಳಿಕಣಗಳಲ್ಲಿ ಹೆಚ್ಚಾಗಿ ಸಿಗುವುದು ನ್ಯೂಟ್ರೊಫಿಲ್, ಅದರ ಕೋಶಕೇಂದ್ರ ಎರಡರಿಂದ ಐದು ಹಾಲೆಗಳದ್ದು. ತೀರಾ ಅಪರೂಪದ ಬಿಳಿಕಣ ಬೇಸೊಫಿಲ್ ಸಿಕ್ಕವರು ಇಡೀ ಬ್ಯಾಚನ್ನು ಕರೆದು ತೋರಿಸುತ್ತಿದ್ದರು.

ರಕ್ತದ ಗುಂಪು ನೋಡುವುದು ಎಲ್ಲರಿಗೂ ಇಷ್ಟ. ರಕ್ತದ ತೊಟ್ಟುಗಳಿಗೆ ಬೆರೆಸುವ ಪರೀಕ್ಷಾ ದ್ರವಗಳಲ್ಲಿ ಆಂಟಿ-ಎ ನೀಲಿ, ಆಂಟಿ-ಬಿ ಹಳದಿ, ಆಂಟಿ-ಡಿ (ಪಾಸಿಟಿವೋ ನೆಗೆಟಿವೋ ಹೇಳುವುದು) ಬಣ್ಣವಿಲ್ಲದ್ದು. ಯಾವುದರಲ್ಲಿ ರಕ್ತ ಗಂಟು ಕಟ್ಟುತ್ತದೋ ಅದರ ಮೇಲೆ ಗುಂಪು. ಎರಡು ನಿಮಿಷದೊಳಗೆ ಓದಿಬಿಡಬೇಕು. ತಡವಾದರೆ ಒಣಗಿದ ಅಂಚೂ ಗಂಟು ಕಟ್ಟಿದಂತೆಯೇ ಕಾಣುತ್ತದೆ. ಈ ಫಲಿತಾಂಶ ನಂಬಿ ಡ್ರೈವಿಂಗ್ ಲೈಸೆನ್ಸಿಗೆ ಬರೆಸಿದ ಜೂನಿಯರುಗಳು ಒಮ್ಮೆ ರಕ್ತನಿಧಿಯಲ್ಲಿ ಖಚಿತಪಡಿಸಿಕೊಳ್ಳಿ. ಅಲ್ಲಿ ನಿಮ್ಮ ಕಣಗಳನ್ನಷ್ಟೇ ಅಲ್ಲ, ಸೀರಮ್ಮನ್ನೂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಗೊತ್ತಿರುವ ಗುಂಪಿನ ಕಣಗಳೊಂದಿಗೆ ಬೆರೆಸಿ ತಾಳೆ ನೋಡುತ್ತಾರೆ.