ಕಾಳಿ ನದಿಯ ದೋಣಿಗೆ ಹೊಸ ಮೋಟಾರು, ನೀರಿನ ಜಾಕೆಟ್ಟು

ಕಾಳಿಯಲ್ಲಿ ಬಿಡುವ ನನ್ನ ರಿಮೋಟ್ ಮಾದರಿ ದೋಣಿಯ ಮೋಟಾರು ಬದಲಾಯಿತು. ಹಲ್, ಅಂದರೆ ದೋಣಿಯ ಒಡಲು, ಹಳೆಯದೇ; ಬ್ಯಾಟರಿ ಮಾತ್ರ 3 ಸೆಲ್ ಲಿಪೋದಿಂದ (ಲಿಥಿಯಂ ಪಾಲಿಮರ್) 4 ಸೆಲ್‌ಗೆ ಏರಿದೆ. ಅಂದರೆ 11.1 ವೋಲ್ಟ್ ಇದ್ದದ್ದು ಈಗ 14.8.

ಹಳೆಯ 2000 ಕೆವಿ ಮೋಟಾರನ್ನೇ ಇಟ್ಟು ಬ್ಯಾಟರಿ ಏರಿಸಬಹುದಲ್ಲ ಎಂದು ಜೊತೆಗಾರರು ಕೇಳುತ್ತಾರೆ. ಕೆವಿ ಎಂದರೆ ಇಲ್ಲಿ ಕಿಲೋವೋಲ್ಟ್ ಅಲ್ಲ, ಹೊರೆಯಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. ಲೆಕ್ಕ ಒಪ್ಪುವುದಿಲ್ಲ. ಪ್ರೊಪೆಲ್ಲರ್ ಬೇಡುವ ಶಕ್ತಿ ಸುತ್ತಿನ ವೇಗದ ಘನದಂತೆ ಏರುತ್ತದೆ. ವೇಗ ಮೂರನೇ ಒಂದರಷ್ಟು ಹೆಚ್ಚಿದರೆ ಶಕ್ತಿ 2.3 ಪಟ್ಟು ದಾಟುತ್ತದೆ, ಕರೆಂಟು ಸುಮಾರು 1.8 ಪಟ್ಟಾಗುತ್ತದೆ. ಸುರುಳಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ, ಅಂದರೆ ಮೂರು ಪಟ್ಟಿಗೂ ಮೇಲೆ. ಅಷ್ಟು ಬಿಸಿಯನ್ನು, ಮೋಟಾರಿನ ಸುತ್ತ ನೀರು ಹರಿಸುವ ಯಾವ ಜಾಕೆಟ್ಟೂ ಹೊತ್ತೊಯ್ಯಲಾರದು.

ಅದಕ್ಕೇ 1500 ಕೆವಿ ತಂದೆ. 1500ನ್ನು 14.8ರಿಂದ ಗುಣಿಸಿದರೂ, 2000ವನ್ನು 11.1ರಿಂದ ಗುಣಿಸಿದರೂ ಬರುವುದು 22,200 ಸುತ್ತೇ. ಅದೇ ಕೆಲಸಕ್ಕೆ ಕರೆಂಟು ಕಾಲು ಭಾಗ ಕಡಿಮೆ ಸಾಕು. ವೈರು, ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ ತಣ್ಣಗಿರುತ್ತವೆ. ಮೋಟಾರಿನ ಮಾತು ಬೇರೆ. ಕೆವಿ ಇಳಿಸಲು ಸುರುಳಿಯ ಸುತ್ತು ಹೆಚ್ಚಬೇಕು, ಅದೇ ಗಾತ್ರದೊಳಗೆ ತಂತಿ ತೆಳುವಾಗಬೇಕು, ರೋಧ ಏರುತ್ತದೆ; ಕೊನೆಗೆ ಬಿಸಿ ಅಲ್ಲಿಂದಲ್ಲಿಗೇ. ಆದ್ದರಿಂದ 3660 ಗಾತ್ರದ್ದು ಬಿಟ್ಟು 3674 ಆರಿಸಿದೆ. ವ್ಯಾಸ ಅದೇ 36 ಮಿಮೀ, ಉದ್ದ 60 ಇದ್ದದ್ದು 74. ಉಳಿದ ಕರೆಂಟನ್ನು ಪ್ರೊಪೆಲ್ಲರಿಗೆ ಕೊಟ್ಟೆ: 40 ಮಿಮೀ ಬದಲು 42. ಎರಡೇ ಮಿಲಿಮೀಟರ್ ಎನಿಸಬಹುದು, ಆದರೆ ಶಕ್ತಿಯ ಬೇಡಿಕೆ ವ್ಯಾಸದ ಐದನೇ ಘಾತದಂತೆ ಏರುವುದರಿಂದ ಅದು ಕಾಲು ಭಾಗಕ್ಕೂ ಹೆಚ್ಚು.

ಇದು ಇನ್‌ರನ್ನರ್, ಅಂದರೆ ಒಳಗಿನ ರೋಟರ್ ತಿರುಗುವ ಮೋಟಾರು. ಸುರುಳಿ ಹೊರ ಡಬ್ಬಿಗೆ ಅಂಟಿಕೊಂಡಿರುತ್ತದೆ, ಡಬ್ಬಿಯ ಸುತ್ತ ನೀರು ಹರಿದರೆ ಬಿಸಿ ನೇರವಾಗಿ ಹೊರಡುತ್ತದೆ. ಔಟ್‌ರನ್ನರಿನಲ್ಲಿ ಡಬ್ಬಿಯೇ ತಿರುಗುವುದರಿಂದ ಜಾಕೆಟ್ ಹಾಕಲು ಬರುವುದಿಲ್ಲ.

ಜಾಕೆಟ್ ಕೊರೆಸಿದ್ದು ಕಾರವಾರದ ಬೈತಖೋಲಿನ ಕಡೆ, ಮೀನುಗಾರಿಕೆ ಬೋಟುಗಳ ಕೆಲಸ ಮಾಡುವ ಲೇತಿನಲ್ಲಿ. ಅಲ್ಯೂಮಿನಿಯಂ ಕೊಳವೆ, ಎರಡೂ ತುದಿಗೆ ಓ-ರಿಂಗ್. ನೀರಿನ ಪೈಪು ಸಿಕ್ಕಿಸುವ ನಿಪ್ಪಲ್ ಹಿತ್ತಾಳೆಯದಿರಲಿ ಎಂದಿದ್ದೆ. ಲೇತಿನವರು ಒಪ್ಪಲಿಲ್ಲ.

“ಬೇಡ ತಮ್ಮಾ, ಉಪ್ಪುನೀರಲ್ಲಿ ಹಿತ್ತಾಳೆ ಅಲ್ಯೂಮಿನಿಯಂನ ತಿಂದು ಹಾಕ್ತದೆ. ಬೋಟಿನ ತಳಕ್ಕೆ ಸತುವಿನ ಗಟ್ಟಿ ಯಾಕೆ ಕಟ್ತೇವೆ ಅಂದುಕೊಂಡೆ?”

ನಿಪ್ಪಲನ್ನೂ ಅಲ್ಯೂಮಿನಿಯಂನಲ್ಲೇ ಮಾಡಿಕೊಟ್ಟರು. ಅವರ ಮಾತು ಅಕ್ಷರಶಃ ನಿಜ. ಕೋಡಿಬಾಗದ ಬಳಿ ಭರತಿಯ ಹೊತ್ತಿಗೆ ಕಾಳಿಯ ನೀರು ಸಮುದ್ರದ್ದೇ. ಶಿರಸಿಯ ಕೆರೆಯಲ್ಲಿ ದೋಣಿ ಬಿಡುವವರಿಗೆ ಈ ಕಾಟವಿಲ್ಲ.

ನೀರು ಪ್ರೊಪೆಲ್ಲರಿನ ಹಿಂದಿನ ಪಿಕಪ್‌ನಿಂದ (ನೀರು ಹಿಡಿಯುವ ಕೊಳವೆ) ಹತ್ತಿ, ಮೊದಲು ಇಎಸ್‌ಸಿ, ಆಮೇಲೆ ಜಾಕೆಟ್, ಕಡೆಗೆ ಬಲಬದಿಯ ತೂತಿನಿಂದ ಹೊರಕ್ಕೆ. ಜಾಕೆಟ್ಟಿಗೆ ನೀರು ಕೆಳಗಿನಿಂದ ನುಗ್ಗಿ ಮೇಲಿನಿಂದ ಹೊರಡಬೇಕು. ತಿರುವುಮುರುವಾದರೆ ಮೇಲೆ ಗಾಳಿ ನಿಂತು ಅರ್ಧ ಡಬ್ಬಿ ಒಣಗಿಯೇ ಇರುತ್ತದೆ. ದಡದಲ್ಲಿ ನಿಂತವರಿಗೆ ಬಲಬದಿಯ ಆ ಸಣ್ಣ ಚಿಮ್ಮು ಕಾಣುತ್ತಿರುವ ತನಕ ಚಿಂತೆಯಿಲ್ಲ. ಮಳೆಗಾಲದ ಕೆಂಪು ನೀರಿಗೆ ಪಿಕಪ್ ಕಟ್ಟೀತೆಂದು ನೈಲಾನ್ ಜಾಲರಿಯ ತುಂಡು ಅಂಟಿಸಿದ್ದೇನೆ.

ಬಿಸಿ ಅಳೆಯಲು ಇನ್ಫ್ರಾರೆಡ್ ಥರ್ಮಾಮೀಟರ್ ಇದೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಮೋಟಾರಿನ ಹಿಂಬದಿ ಮುಚ್ಚಳಕ್ಕೆ ಕಪ್ಪು ಇನ್ಸುಲೇಶನ್ ಟೇಪಿನ ಚೂರು ಅಂಟಿಸಿ ಅಲ್ಲಿಗೇ ಹಿಡಿಯುತ್ತೇನೆ. ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ ದಡಕ್ಕೆ ತಂದಾಗ 58 ಡಿಗ್ರಿ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಆಯಸ್ಕಾಂತ ತಾಳುವುದು 80ರ ತನಕ. ಆಯಸ್ಕಾಂತ ಹೊತ್ತ ರೋಟರ್ ನಡುವೆ ಇರುವುದರಿಂದ ಜಾಕೆಟ್ಟಿನ ತಂಪು ಅದಕ್ಕೆ ತಡವಾಗಿ ಮುಟ್ಟುತ್ತದೆ, ಆ ಅಂತರ ಬೇಕೇ ಬೇಕು.

ಮನೆಗೆ ಬಂದೊಡನೆ ಪಿಕಪ್‌ಗೆ ಸಿರಿಂಜ್ ಹಿಡಿದು ಬಾವಿ ನೀರು ಹಾಯಿಸಿ, ಬೇರಿಂಗಿಗೆ ಎಣ್ಣೆ ಬಿಡುತ್ತೇನೆ. ಮುಂದೆ ಇಎಸ್‌ಸಿಗೂ ಮೋಟಾರಿಗೂ ಬೇರೆ ಬೇರೆ ನೀರಿನ ದಾರಿ ಕೊಡಬೇಕು. ಎರಡನೇ ಪಿಕಪ್ಪಿಗೆ ಟ್ರಾನ್ಸಮ್‌ನಲ್ಲಿ, ಅಂದರೆ ದೋಣಿಯ ಹಿಂಬದಿ ಹಲಗೆಯಲ್ಲಿ, ಗುರುತು ಹಾಕಿಯಾಗಿದೆ.